ಕರುಳಿನ ಕಾಯಿಲೆಗೆ ಜಂತುಹುಳು ಮದ್ದಾಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರಿನಲ್ಲಿ ಔಷಧ ಅಂಗಡಿ ನಡೆಸುವವನು ನಾನು. ಫಾರ್ಮಸಿ ಓದಿದ್ದೇನೆ, ವೈದ್ಯನಲ್ಲ. ಕರುಳಿನ ಉರಿಯೂತಕ್ಕೆ ಕೊಡುವ ಮೆಸಲಮೈನ್ ಮಾತ್ರೆ ಕೊಳ್ಳಲು ತಿಂಗಳು ತಿಂಗಳು ಬರುವವರಲ್ಲಿ ಕೆಲವರು ಈಗ ಮೊಬೈಲ್ ಮುಂದೆ ಹಿಡಿದು, "ಅಣ್ಣ, ಹೊಟ್ಟೆಯಲ್ಲಿ ಹುಳು ಬಿಟ್ಟುಕೊಂಡರೆ ಈ ಮಾತ್ರೆಗಳ ಕಾಟವೇ ಇರುವುದಿಲ್ಲವಂತೆ, ಹೌದೇ?" ಎಂದು ಕೇಳುತ್ತಾರೆ. ಹಿಂದೆ ಗಿರಾಕಿಗಳು ಕಾಯುತ್ತಿರುವಾಗ ಇದಕ್ಕೆ ನೆಟ್ಟಗೆ ಉತ್ತರ ಹೇಳಲಾಗುವುದಿಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ.

ಯಾವ ಕಾಯಿಲೆಗಳ ವಿಷಯದಲ್ಲಿ ಈ ಮಾತು ಕೇಳಿಬರುತ್ತಿದೆ?

ಮುಖ್ಯವಾಗಿ ಮೂರು. ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ರಕ್ತಬೇಧಿಯಾಗುವ ಅಲ್ಸರೇಟಿವ್ ಕೊಲೈಟಿಸ್. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು, ಕರುಳಿನ ಗೋಡೆಯ ಆಳಕ್ಕೆ ಇಳಿಯುವ ಕ್ರೋನ್ಸ್ ಕಾಯಿಲೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶದಿಂದ ಸಣ್ಣ ಕರುಳು ಕೆಡುವ ಸೀಲಿಯಾಕ್ ಕಾಯಿಲೆ. ಮೂರರಲ್ಲೂ ದೇಹದ ರೋಗನಿರೋಧಕ ವ್ಯವಸ್ಥೆ ಕರುಳಿನ ಮೇಲೇ ತಿರುಗಿಬೀಳುತ್ತದೆ. ಮೂರನ್ನೂ ಹದ್ದುಬಸ್ತಿನಲ್ಲಿಡಬಹುದು. ಬುಡಸಮೇತ ಕಿತ್ತುಹಾಕುವ ಔಷಧ ಇನ್ನೂ ಇಲ್ಲ. ಆ ಖಾಲಿ ಜಾಗಕ್ಕೇ ಹುಳು ಬಂದು ಕೂತಿದೆ.

ಗ್ಯಾಸ್, ಹುಳಿತೇಗು, ಪರೀಕ್ಷೆಗೆ ಮುಂಚೆ ಹೊಟ್ಟೆ ಕೆಡುವುದು ಇವುಗಳಿಗೂ ಈ ಪುಟಕ್ಕೂ ಸಂಬಂಧವಿಲ್ಲ.

ಹುಳುವಿನಿಂದ ಕಾಯಿಲೆ ಬರುತ್ತದೆ ಎಂದು ಕೇಳಿದ್ದೆವು. ಹೋಗುತ್ತದೆ ಎಂಬ ವಿಚಾರ ಯಾರ ತಲೆಗೆ ಬಂತು?

1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್ ಒಂದು ಸಂಗತಿಯನ್ನು ಗಮನಿಸಿದರು: ಅಣ್ಣ ಅಕ್ಕಂದಿರು ಹೆಚ್ಚಿದ್ದ ಮನೆಯ ಮಕ್ಕಳಿಗೆ ಅಲರ್ಜಿಯ ನೆಗಡಿ ಕಡಿಮೆ. ಚಿಕ್ಕಂದಿನಲ್ಲಿ ಸೋಂಕುಗಳ ಒಡನಾಟ ಇಲ್ಲದಿದ್ದರೆ ರೋಗನಿರೋಧಕ ವ್ಯವಸ್ಥೆ ಸರಿಯಾಗಿ ಪಳಗುವುದಿಲ್ಲವೇನೋ ಎಂಬ ಊಹೆ ಅಲ್ಲಿಂದ ಬೆಳೆಯಿತು. ಹುಳುಗಳು ಮನುಷ್ಯನೊಂದಿಗೆ ಅನಾದಿಕಾಲದಿಂದ ಬದುಕಿವೆ; ಅವು ತೊಲಗಿದ ದೇಶಗಳಲ್ಲೇ ಕ್ರೋನ್ಸ್ ಮತ್ತು ಕೊಲೈಟಿಸ್ ಹೆಚ್ಚು. ಇವೆರಡನ್ನೂ ಜೋಡಿಸಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಜೋಯೆಲ್ ವೈನ್‌ಸ್ಟಾಕ್ ಮತ್ತು ಅವರ ಜೊತೆಗಾರರು ರೋಗಿಗಳಿಗೆ ಹಂದಿಯ ಚಾಟಿ ಹುಳುವಿನ ಮೊಟ್ಟೆಗಳನ್ನು ಕುಡಿಸಿ ನೋಡಿದರು.

ಊಹೆಯಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ವೆಲ್ಲೂರಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಹಿಂದೆ ಕೊಕ್ಕೆ ಹುಳುವಿನ ಸಂಪರ್ಕಕ್ಕೆ ಬಂದ ಗುರುತು ಕ್ರೋನ್ಸ್ ರೋಗಿಗಳಲ್ಲಿ ಉಳಿದವರಿಗಿಂತ ಕಡಿಮೆ ಕಂಡಿತ್ತು. ಆದರೆ ಹುಳು ಇದ್ದವರಿಗೆ ಕಾಯಿಲೆ ಬರುವುದು ಕಡಿಮೆ ಎನ್ನುವುದು ಒಂದು ಮಾತು, ಬಂದ ಕಾಯಿಲೆಯನ್ನು ಹುಳು ವಾಸಿ ಮಾಡುತ್ತದೆ ಎನ್ನುವುದು ಬೇರೆಯೇ ಮಾತು. ಮೊಬೈಲಿನಲ್ಲಿ ಓಡಾಡುವ ವಿಡಿಯೊಗಳು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮಾರುತ್ತವೆ.

ಹುಳು ಒಳಗೆ ಹೋಗಿ ಮಾಡುವುದಾದರೂ ಏನು?

ತನ್ನ ಜೀವ ಉಳಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಇನ್ನೊಬ್ಬರ ಕರುಳಿನಲ್ಲಿ ಬದುಕಬೇಕಾದರೆ ಆ ದೇಹದ ಪ್ರತಿರೋಧವನ್ನು ತಗ್ಗಿಸಲೇಬೇಕು. ಹುಳು ಸ್ರವಿಸುವ ಕೆಲವು ಪ್ರೋಟೀನುಗಳು ಉರಿಯೂತವನ್ನು ತಡೆಯುವ ಜೀವಕೋಶಗಳನ್ನು ಹೆಚ್ಚಿಸುತ್ತವೆ, ಇಂಟರ್‌ಲ್ಯೂಕಿನ್-10ರಂತಹ ಶಮನಕಾರಿ ಸಂಕೇತಗಳನ್ನು ಏರಿಸುತ್ತವೆ. ಇಲಿಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡಿದೆ. ನಮಗೇನಾದರೂ ಅನುಕೂಲವಾದರೆ ಅದು ಹುಳುವಿನ ಉದ್ದೇಶವಲ್ಲ.

ಮನುಷ್ಯರ ಮೇಲೆ ಪ್ರಯೋಗ ಮಾಡಿದಾಗ ಏನಾಯಿತು?

ಆರಂಭ ಬಹಳ ಆಸೆ ಹುಟ್ಟಿಸಿತು. 2005ರಲ್ಲಿ ಅಯೋವಾ ತಂಡದ ಎರಡು ವರದಿಗಳು ಬಂದವು. ಮೊದಲನೆಯದರಲ್ಲಿ 29 ಕ್ರೋನ್ಸ್ ರೋಗಿಗಳಿಗೆ ಮೂರು ವಾರಕ್ಕೊಮ್ಮೆ 2,500 ಹಂದಿ ಹುಳುವಿನ ಮೊಟ್ಟೆ ಕೊಟ್ಟರು. 24 ವಾರಗಳ ಕೊನೆಗೆ 23 ಜನರಿಗೆ ಗುಣ ಕಂಡಿತು. ಆದರೆ ಅದರಲ್ಲಿ ಹೋಲಿಸಿ ನೋಡಲು ಹುಸಿ ಔಷಧ, ಅಂದರೆ ಔಷಧದಂತೆಯೇ ಕಾಣುವ ಆದರೆ ಮದ್ದಿಲ್ಲದ ವಸ್ತು, ಪಡೆದ ಗುಂಪೇ ಇರಲಿಲ್ಲ. ಎರಡನೆಯದು ಅಲ್ಸರೇಟಿವ್ ಕೊಲೈಟಿಸ್ ಇದ್ದ 54 ಜನರದ್ದು, ಹುಸಿ ಔಷಧದ ಗುಂಪೂ ಇತ್ತು. ಮೊಟ್ಟೆ ಕುಡಿದ 30 ಜನರಲ್ಲಿ 13 ಮಂದಿಗೆ, ಹುಸಿ ಔಷಧ ಕುಡಿದ 24 ಜನರಲ್ಲಿ 4 ಮಂದಿಗೆ ಸುಧಾರಣೆಯಾಯಿತು. ಇಂದಿಗೂ ಹುಳು ಚಿಕಿತ್ಸೆಯ ಪರವಾಗಿ ಮಾತಾಡುವವರು ಎತ್ತಿ ಹಿಡಿಯುವುದು ಇವೆರಡನ್ನೇ. 2005ಕ್ಕೆ ಕ್ಯಾಲೆಂಡರ್ ನಿಂತುಹೋದಂತೆ ವರ್ತಿಸುತ್ತಾರೆ.

ಮುಂದೆ ದೊಡ್ಡ ಪ್ರಯೋಗಗಳು ನಡೆದವು. ಕ್ರೋನ್ಸ್ ರೋಗಿಗಳ ಮೇಲೆ ಅಮೆರಿಕದಲ್ಲೊಂದು, ಯುರೋಪಿನಲ್ಲೊಂದು. 2013ರ ಕೊನೆಯಲ್ಲಿ ಎರಡೂ ಮಕಾಡೆ ಮಲಗಿದವು. ಯುರೋಪಿನ ಪ್ರಯೋಗದ ವಿವರ 2017ರಲ್ಲಿ ಅಚ್ಚಾಯಿತು: ಸುಮಾರು 250 ರೋಗಿಗಳು, ಮೂರು ಬೇರೆ ಬೇರೆ ಪ್ರಮಾಣದ ಮೊಟ್ಟೆಗಳು, ಜೊತೆಗೆ ಹುಸಿ ಔಷಧ. 12 ವಾರಗಳ ನಂತರ ಅತಿ ಹೆಚ್ಚು ಪ್ರಮಾಣ ಪಡೆದವರಲ್ಲಿ ಶೇ 47ರಷ್ಟು ಮಂದಿಯ ಕಾಯಿಲೆ ಶಮನವಾಗಿತ್ತು. ಕೇಳಲು ಸೊಗಸಾಗಿದೆ. ಆದರೆ ಏನೂ ಇಲ್ಲದ ನೀರು ಕುಡಿದವರಲ್ಲಿಯೂ ಶೇ 43ರಷ್ಟು ಮಂದಿಯ ಕಾಯಿಲೆ ಶಮನವಾಗಿತ್ತು. ಉಳಿದೆರಡು ಪ್ರಮಾಣಗಳ ಫಲ ಹುಸಿ ಔಷಧಕ್ಕಿಂತಲೂ ಕೆಳಗಿತ್ತು.

ಮಿದುಳು ಮತ್ತು ನರಗಳ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲೂ ಕಥೆ ಹೀಗೆಯೇ. ಅರ್ಜೆಂಟೀನಾದಲ್ಲಿ ಹುಳು ಸೋಂಕು ಇದ್ದ 12 ರೋಗಿಗಳಿಗೆ ಕಾಯಿಲೆ ಮರುಕಳಿಸುವುದು ಕಡಿಮೆ ಎಂದು 2007ರಲ್ಲಿ ವರದಿಯಾಯಿತು. ಬ್ರಿಟನ್ನಿನ ನಾಟಿಂಗ್‌ಹ್ಯಾಮಿನಲ್ಲಿ 71 ಜನರ ಮೇಲೆ ಕೊಕ್ಕೆ ಹುಳುವಿನ ಪ್ರಯೋಗ ನಡೆಸಿ 2020ರಲ್ಲಿ ಫಲಿತಾಂಶ ಕೊಟ್ಟಾಗ, ಶಮನಕಾರಿ ಜೀವಕೋಶಗಳು ಹೆಚ್ಚಿದ್ದು ಕಂಡಿತು, ಮಿದುಳಿನ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನ್ಯೂಜಿಲೆಂಡಿನಲ್ಲಿ ಕೊಲೈಟಿಸ್ ಶಮನವಾಗಿರುವ 20 ಜನರ ಮೇಲೆ ಕೊಕ್ಕೆ ಹುಳು ಬಿಟ್ಟು ನೋಡಿದ್ದಾರೆ. ಅದು ಇಂಥ ಪ್ರಯೋಗ ಮಾಡಬಹುದೇ ಎಂದು ತಿಳಿಯಲು ಮಾಡಿದ್ದು, ಮದ್ದೆಂದು ಸಾಬೀತು ಮಾಡಿದ್ದಲ್ಲ.

ಆದರೂ ಹುಳು ನುಂಗಿ ಗುಣವಾದವರಿದ್ದಾರಲ್ಲ? ಅವರೆಲ್ಲ ಸುಳ್ಳು ಹೇಳುತ್ತಾರೆಯೇ?

ಸುಳ್ಳಲ್ಲ. ಒಂದು ಪ್ರಕರಣವಂತೂ ವೈದ್ಯಕೀಯ ಪತ್ರಿಕೆಯಲ್ಲೇ ದಾಖಲಾಗಿದೆ. ಅಲ್ಸರೇಟಿವ್ ಕೊಲೈಟಿಸ್ ಇದ್ದ ಒಬ್ಬಾತ ಥಾಯ್ಲೆಂಡಿಗೆ ಹೋಗಿ, ಸೋಂಕಿದ್ದ ಒಂದು ಮಗುವಿನ ಮಲದಿಂದ ಮನುಷ್ಯರ ಚಾಟಿ ಹುಳುವಿನ ಮೊಟ್ಟೆ ಪಡೆದು ನುಂಗಿದ. ವರ್ಷಗಳ ಕಾಲ ಹೆಚ್ಚುಕಡಿಮೆ ಔಷಧವಿಲ್ಲದೆ ಇದ್ದ. ವಿಜ್ಞಾನಿಗಳು ಅವನ ಕರುಳಿನ ಮಾದರಿಗಳನ್ನು ಪರೀಕ್ಷಿಸಿ 2010ರಲ್ಲಿ ಬರೆದರು: ಹುಳುಗಳಿದ್ದ ಭಾಗದಲ್ಲಿ ಕರುಳಿನ ಪದರ ದುರಸ್ತಿಯಾಗಲು ನೆರವಾಗುವ ಸಂಕೇತಗಳು ಹೆಚ್ಚಿದ್ದವು. ಅದೇ ಮನುಷ್ಯನಿಗೆ ನಡುವೆ ಕಾಯಿಲೆ ಮತ್ತೆ ಕೆರಳಿತ್ತು, ಮತ್ತೆ ಮೊಟ್ಟೆ ನುಂಗಿದ್ದ. ಇಷ್ಟನ್ನೂ ಓದಿದಾಗ ನನಗನಿಸಿದ್ದು, ಇದು ಗಂಭೀರವಾಗಿ ಪರೀಕ್ಷಿಸಬೇಕಾದ ವಿಷಯ ಎಂದು. ಪರೀಕ್ಷಿಸಿದ್ದಾರೆ, ಫಲಿತಾಂಶವನ್ನು ಮೇಲೆ ಹೇಳಿದೆ.

ಈ ಕಾಯಿಲೆಗಳ ಸ್ವಭಾವವನ್ನು ಗಮನಿಸಿ. ಇವು ಕೆರಳುತ್ತವೆ, ತಣಿಯುತ್ತವೆ. ಜನ ಹುಳುವಿನಂಥ ವಿಚಿತ್ರ ಉಪಾಯಕ್ಕೆ ಕೈಹಾಕುವುದು ಯಾವಾಗ? ಕಾಯಿಲೆ ತೀರಾ ಕೆರಳಿ ದಿಕ್ಕು ತೋಚದಂತಾದಾಗ. ಅಲ್ಲಿಂದ ಮುಂದೆ ಏನೇ ಮಾಡಿದರೂ, ಏನೂ ಮಾಡದಿದ್ದರೂ, ಹಲವರಲ್ಲಿ ಅದು ತುಸು ಇಳಿಯುವುದೇ ಹೆಚ್ಚು. ಆ ಇಳಿತದ ಕೀರ್ತಿ ಕೊನೆಗೆ ನುಂಗಿದ್ದಕ್ಕೆ ಸಲ್ಲುತ್ತದೆ. ಅದು ಹುಳುವಾಗಿರಬಹುದು, ಹರಕೆಯಾಗಿರಬಹುದು, ನನ್ನ ಅಂಗಡಿಯ ಹೊಸ ಕಂಪನಿಯ ಮಾತ್ರೆಯೂ ಆಗಿರಬಹುದು. ನೀರು ಕುಡಿದ ಶೇ 43 ಮಂದಿಯನ್ನು ನೆನಪಿಡಿ. ಅವರಲ್ಲೊಬ್ಬರು ಎದುರಿಗೆ ಕುಳಿತು "ನನಗೆ ಗುಣವಾಯಿತು" ಎಂದರೆ ಆ ಮಾತು ಅಕ್ಷರಶಃ ನಿಜ. ಗುಣವಾಗದೆ ಆಸ್ಪತ್ರೆ ಸೇರಿದವರು ವಿಡಿಯೊ ಮಾಡುವುದಿಲ್ಲ.

ನಾವು ಬರಿಗಾಲಲ್ಲೇ ಹೊಲದಲ್ಲಿ ಬೆಳೆದವರು. ಹುಳು ಕಾಪಾಡುವುದಾದರೆ ನಮ್ಮ ಕಡೆಯವರಿಗೆ ಈ ಕಾಯಿಲೆ ಬರಲೇಬಾರದಿತ್ತಲ್ಲ?

ಮಸ್ಕಿ ಕಡೆಯ ರೈತರೊಬ್ಬರು ಕೇಳಿದ ಪ್ರಶ್ನೆ ಇದು. ಅಮೆರಿಕದ ಪ್ರಾಧ್ಯಾಪಕರಿಗೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗಲಾರದು. ಜಂತುಹುಳುವಿನ ಸೋಂಕು ಇನ್ನೂ ಇರುವ ಭಾರತದಲ್ಲೇ ಈ ಕರುಳಿನ ಕಾಯಿಲೆಗಳು ಹೆಚ್ಚುತ್ತಿವೆ. ವಂಶವಾಹಿ, ಆಹಾರ, ಪ್ರತಿಜೀವಕಗಳ ಬಳಕೆ, ಕರುಳಿನ ಸೂಕ್ಷ್ಮಜೀವಿಗಳು ಎಲ್ಲವೂ ಇದರಲ್ಲಿ ಪಾಲುದಾರರು. ಹುಳು ಕಾಪಾಡಿದರೂ ಎಲ್ಲರನ್ನೂ ಕಾಪಾಡುವುದಿಲ್ಲ.

ಶಾಲೆ, ಅಂಗನವಾಡಿಯಲ್ಲಿ ಕೊಡುವ ಜಂತುಹುಳು ಮಾತ್ರೆಯಿಂದಲೇ ಇದೆಲ್ಲ ಶುರುವಾಯಿತೇ? ಮಗುವಿಗೆ ಕೊಡಿಸುವುದನ್ನು ನಿಲ್ಲಿಸಲೇ?

ದಯವಿಟ್ಟು ನಿಲ್ಲಿಸಬೇಡಿ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಹೆಸರಿನಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಕೊಡಲಾಗುತ್ತಿದೆ. ಎರಡು ವರ್ಷದೊಳಗಿನವರಿಗೆ 200 ಮಿಲಿಗ್ರಾಂ, ಮೇಲ್ಪಟ್ಟವರಿಗೆ 400 ಮಿಲಿಗ್ರಾಂ. ಅದರಿಂದ ಕ್ರೋನ್ಸ್ ಅಥವಾ ಕೊಲೈಟಿಸ್ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆಫ್ರಿಕಾದ ಗ್ಯಾಬನ್ನಿನಲ್ಲಿ ಮಕ್ಕಳಿಗೆ ಮತ್ತೆ ಮತ್ತೆ ಹುಳುವಿನ ಔಷಧ ಕೊಟ್ಟಾಗ ಧೂಳಿನ ನುಸಿಗೆ ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ಹೆಚ್ಚಿತ್ತು ಎನ್ನುವುದು ನಿಜ. ಈಕ್ವೆಡಾರ್‌ನಲ್ಲಿ ಹಾಗೇನೂ ಆಗಲಿಲ್ಲ ಎನ್ನುವುದೂ ನಿಜ. ಚರ್ಮದ ಪರೀಕ್ಷೆ ಎಲ್ಲಿ, ಕರುಳಿನ ಹುಣ್ಣು ಎಲ್ಲಿ? ಅದೇ ಹುಳು ಹೆಚ್ಚಾದರೆ ಮಗುವಿನ ಕಬ್ಬಿಣಾಂಶವನ್ನು ತಿನ್ನುವುದಂತೂ ಖಚಿತ, ಎತ್ತರಕ್ಕೂ ಓದಿಗೂ ಪೆಟ್ಟು ಬೀಳಬಹುದು.

ಹಣ ಕೊಟ್ಟು ತರಿಸುವುದೇಕೆ? ನಮ್ಮ ಹೊಲದಲ್ಲೇ ಬರಿಗಾಲಲ್ಲಿ ಓಡಾಡಿದರೆ ಹುಳು ಹತ್ತುವುದಿಲ್ಲವೇ?

ಹತ್ತಬಹುದು. ಕೊಕ್ಕೆ ಹುಳುವಿನ ಮರಿ ಪಾದದ ಚರ್ಮ ಕೊರೆದು ಒಳಹೊಕ್ಕು, ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ಉಗುಳಿನೊಂದಿಗೆ ಹೊಟ್ಟೆಗಿಳಿದು, ಸಣ್ಣ ಕರುಳಿಗೆ ಕಚ್ಚಿಕೊಳ್ಳುತ್ತದೆ. ನಾಟಿ ಗದ್ದೆಯ ನಿಂತ ನೀರಿಗಿಂತ, ಜನ ಬಯಲಿಗೆ ಹೋಗುವ ಬದುವಿನ ನೆರಳಿನ, ಮರಳು ಬೆರೆತ ಹಸಿಮಣ್ಣು ಅದಕ್ಕೆ ಇಷ್ಟ. ಬಿಸಿಲಿಗೆ ಬಿರಿದ ಎರೆಹೊಲದಲ್ಲಿ ಒಣಗಿ ಸಾಯುತ್ತದೆ.

ತೊಂದರೆ ಇರುವುದು ಆ ಮಣ್ಣಿನಲ್ಲಿ ಕೊಕ್ಕೆ ಹುಳು ಒಂದೇ ಇರುವುದಿಲ್ಲ ಎನ್ನುವುದರಲ್ಲಿ. ಅದೇ ದಾರಿಯಲ್ಲಿ ಪಾದ ಹೊಕ್ಕುವ ಇನ್ನೊಂದು ಹುಳುವಿದೆ, ಸ್ಟ್ರಾಂಜಿಲಾಯ್ಡಿಸ್. ಇದರ ಮರಿಗೂ ಕೊಕ್ಕೆ ಹುಳುವಿನ ಮರಿಗೂ ಇರುವ ವ್ಯತ್ಯಾಸ ಸೂಕ್ಷ್ಮದರ್ಶಕದಲ್ಲಿ ಪಳಗಿದ ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ. ಉಳಿದ ಹುಳುಗಳಲ್ಲಿ ಹೆಚ್ಚಿನವು ದೇಹದೊಳಗೆ ಸಂಖ್ಯೆ ಹೆಚ್ಚಿಸಿಕೊಳ್ಳುವುದಿಲ್ಲ, ಇದು ಹೆಚ್ಚಿಸಿಕೊಳ್ಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರೈಲುಮಾರ್ಗದಲ್ಲಿ ದುಡಿದ ಬ್ರಿಟಿಷ್ ಯುದ್ಧಕೈದಿಗಳ ದೇಹದಲ್ಲಿ ಇದು ದಶಕಗಳ ನಂತರವೂ ಸಿಕ್ಕಿದೆ. ಸುಮ್ಮನಿದ್ದ ಈ ಹುಳು, ಆ ಮನುಷ್ಯನಿಗೆ ಸ್ಟೀರಾಯ್ಡ್ ಕೊಟ್ಟಾಗ ಕಟ್ಟು ಹರಿದುಕೊಂಡು ದೇಹವೆಲ್ಲ ಹರಡಬಹುದು. ಹಾಗೆ ಹರಡುವಾಗ ಕರುಳಿನ ಬ್ಯಾಕ್ಟೀರಿಯಾಗಳನ್ನು ರಕ್ತಕ್ಕೆ ಎಳೆದೊಯ್ಯುತ್ತದೆ. ಆ ಹಂತ ತಲುಪಿದವರಲ್ಲಿ ಬಹಳ ಮಂದಿ ಬದುಕುವುದಿಲ್ಲ. ಕೊಲೈಟಿಸ್ ಕೆರಳಿದಾಗ ವೈದ್ಯರು ಮೊದಲು ಬರೆಯುವ ಔಷಧಗಳಲ್ಲಿ ಒಂದು ಯಾವುದು? ಪ್ರೆಡ್ನಿಸೊಲೋನ್, ಅಂದರೆ ಸ್ಟೀರಾಯ್ಡ್.

ಆದ್ದರಿಂದ ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗಳ ಕರುಳಿನ ರೋಗಿಗಳು ಹುಳು ಎಲ್ಲಿ ಸಿಗುತ್ತದೆ ಎಂದು ಹುಡುಕುವ ಬದಲು, ನನ್ನೊಳಗೆ ಈಗಾಗಲೇ ಯಾವುದಿದೆ ಎಂದು ಕೇಳಬೇಕು. ಸ್ಟೀರಾಯ್ಡ್ ಶುರುಮಾಡುವ ಮುನ್ನ, "ಡಾಕ್ಟರೇ, ನಾನು ಹೊಲಗೆಲಸದವನು, ಹುಳು ಪರೀಕ್ಷೆ ಬೇಕೇ?" ಎಂದು ನೀವೇ ಕೇಳಿ. ಶಾಲೆಯಲ್ಲಿ ಕೊಡುವ ಒಂದು ಆಲ್ಬೆಂಡಜೋಲ್ ಮಾತ್ರೆಗೆ ಸ್ಟ್ರಾಂಜಿಲಾಯ್ಡಿಸ್ ಸಾಯುತ್ತದೆಂದು ನಂಬಬೇಡಿ. ಅದಕ್ಕೆ ಐವರ್‌ಮೆಕ್ಟಿನ್ ಬೇಕು, ಅದನ್ನೂ ವೈದ್ಯರೇ ಬರೆಯಬೇಕು.

ಸೋಂಕು ಇರುವವರ ಮಲದಿಂದ ಮೊಟ್ಟೆ ತೆಗೆದುಕೊಂಡರೆ?

ಬೇಡ. ಚಾಟಿ ಹುಳುವಿನ ಮೊಟ್ಟೆಯೆಂದು ನುಂಗಿದ್ದರಲ್ಲಿ ಲಾಡಿಹುಳುವಿನ ಮೊಟ್ಟೆಯೂ ಇರಬಹುದು. ಹಂದಿ ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋದರೆ ಅದರ ಮರಿ ಮಿದುಳಿಗೆ ಹೋಗಿ ಗಂಟಾಗಿ ಕೂರುತ್ತದೆ, ಫಿಟ್ಸ್ ಬರುತ್ತದೆ. ಹಂದಿ ಮಾಂಸ ಮುಟ್ಟದ ಮನೆಗಳಲ್ಲೂ ಈ ಫಿಟ್ಸ್ ಕಾಣುವುದು ಇದೇ ಕಾರಣಕ್ಕೆ: ಮೊಟ್ಟೆ ಬರುವುದು ಮನುಷ್ಯರ ಮಲದಿಂದ, ಮಾಂಸದಿಂದಲ್ಲ. ಅಮೀಬಾ, ಟೈಫಾಯಿಡ್, ಹೆಪಟೈಟಿಸ್ ಎ ಮತ್ತು ಇ ಕೂಡ ಬರುವುದು ಮಲದಿಂದಲೇ.

ಹಂದಿಯ ಹುಳುವಾದರೆ ಊರಲ್ಲಿ ಹಂದಿಗಳಿಗೇನು ಬರ?

ಪ್ರಯೋಗಕ್ಕೆ ಬಳಸಿದ್ದು ಬೇರೆ ಯಾವ ರೋಗವೂ ತಗಲದಂತೆ ಪ್ರತ್ಯೇಕವಾಗಿ ಸಾಕಿದ ಹಂದಿಗಳ ಹುಳುವನ್ನು. ನಮ್ಮ ಚರಂಡಿ ಪಕ್ಕದ ಹಂದಿಗೂ ಅದಕ್ಕೂ ಹೆಸರಿನ ನಂಟು ಮಾತ್ರ.

ಅಂತರ್ಜಾಲದಲ್ಲಿ ಶೀಶೆಯಲ್ಲಿ ಮಾರುತ್ತಾರಂತೆ. ಅದು ಕಾನೂನುಬದ್ಧವೇ?

ಯಾವ ಹುಳುವೂ ಭಾರತದಲ್ಲಿ ಔಷಧವೆಂದು ಒಪ್ಪಿಗೆ ಪಡೆದಿಲ್ಲ. ಅಮೆರಿಕದಲ್ಲೂ ಇಲ್ಲ, ಅಲ್ಲಿ ಅದು ಸಂಶೋಧನೆಯ ವಸ್ತು ಮಾತ್ರ. ನನ್ನ ಅಂಗಡಿಯಲ್ಲಿ ಒಂದು ಕೆಮ್ಮಿನ ಸಿರಪ್ಪಿನ ಬಾಟಲಿ ತೆಗೆದುಕೊಂಡರೂ ಅದರ ಮೇಲೆ ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ, ಅವಧಿ ಮುಗಿಯುವ ದಿನ ಇರುತ್ತವೆ. ಎಡವಟ್ಟಾದರೆ ಹಿಡಿದು ಕೇಳಲು ಒಬ್ಬರಿರುತ್ತಾರೆ. ಆ ಶೀಶೆಯೊಳಗೆ ಜೀವಂತ ಹುಳು ಇದೆಯೋ, ಸತ್ತದ್ದೋ, ಬೇರೆಯದೋ, ಬರೀ ನೀರೋ ಎಂದು ಹೇಳುವವರಾರು? ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು ದಾಟಿ ಬಂದ ಪಾರ್ಸಲ್ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನನ್ನ ಹಿಮೋಗ್ಲೋಬಿನ್ ಮೊದಲೇ ಕಡಿಮೆ. ಕೆಲವೇ ಹುಳುಗಳಿಂದ ಏನಾದೀತು?

ಒಂದು ಕೊಕ್ಕೆ ಹುಳು, ನೆಕೇಟರ್ ಜಾತಿಯದಾದರೆ, ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ತೆಗೆಯುತ್ತದೆ. ಆಂಕಿಲೋಸ್ಟೋಮಾ ಜಾತಿಯದು ಅದರ ಐದಾರು ಪಟ್ಟು. ಗಟ್ಟಿಮುಟ್ಟಾದ, ಚೆನ್ನಾಗಿ ಉಂಡು ಪ್ರಯೋಗಕ್ಕೆ ಬಂದ ಆಸ್ಟ್ರೇಲಿಯಾದ ಸ್ವಯಂಸೇವಕನಿಗೆ ಇಪ್ಪತ್ತು ಹುಳು ಲೆಕ್ಕಕ್ಕಿಲ್ಲ. ಆದರೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅವರಲ್ಲೊಬ್ಬರಿಗೆ ಕೊಲೈಟಿಸ್ ಬಂದು ದಿನವೂ ರಕ್ತ ಹೋಗುತ್ತಿದ್ದರೆ, ಅದರ ಮೇಲೆ ಹುಳುವಿಗೂ ರಕ್ತ ಕೊಡುವುದು ಯಾವ ಲೆಕ್ಕ? ಗರ್ಭಿಣಿಯರು ಮತ್ತು ಮಕ್ಕಳ ವಿಷಯದಲ್ಲಿ ಇದನ್ನು ಚರ್ಚೆಗೂ ತರಬೇಡಿ.

ಹುಳು ಒಳಗೆ ಹೋದ ಮೇಲೆ ಮೊದಮೊದಲು ಹೊಟ್ಟೆನೋವು, ಬೇಧಿ ಆಗುವುದು ಒಳ್ಳೆಯ ಲಕ್ಷಣವಂತೆ?

ಕೊಕ್ಕೆ ಹುಳು ಕರುಳಿಗೆ ಕಚ್ಚಿಕೊಳ್ಳುವ ಮೊದಲ ವಾರಗಳಲ್ಲಿ ಹೊಟ್ಟೆನೋವು, ಬೇಧಿ, ವಾಕರಿಕೆ ಬರುತ್ತವೆ. ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ, ಅದು ಹುಳುವಿನ ಸೋಂಕಿನ ಲಕ್ಷಣ ಅಷ್ಟೇ. ಅಪಾಯ ಬೇರೆ ಕಡೆ ಇದೆ. ಕಾಯಿಲೆ ಕೆರಳಿದಾಗಲೂ ಇವೇ ಲಕ್ಷಣಗಳು. ಹುಳು ಬಿಟ್ಟುಕೊಂಡದ್ದನ್ನು ನಾಚಿಕೆಯಿಂದ ಮುಚ್ಚಿಟ್ಟರೆ, ವೈದ್ಯರು ಕಾಯಿಲೆ ಹೆಚ್ಚಿತೆಂದು ತಿಳಿದು ಸ್ಟೀರಾಯ್ಡ್ ಬರೆಯುತ್ತಾರೆ. ಅಥವಾ ನಿಜವಾಗಿಯೂ ಕಾಯಿಲೆ ಉಲ್ಬಣಿಸಿರುತ್ತದೆ, ನೀವು "ಹುಳು ಕೆಲಸ ಮಾಡುತ್ತಿದೆ" ಎಂದುಕೊಂಡು ಮನೆಯಲ್ಲಿ ಕೂತಿರುತ್ತೀರಿ.

ನನಗೆ ಕ್ರೋನ್ಸ್ ಎಂದು ಒಬ್ಬರು, ಟಿ.ಬಿ. ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರನ್ನು ನಂಬಲಿ?

ಇಬ್ಬರನ್ನೂ ಬೈಯಬೇಡಿ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಕರುಳಿನ ಕ್ಷಯವೂ ಕ್ರೋನ್ಸೂ ಒಂದೇ ತರಹ ಕಾಣುತ್ತವೆ. ಹೊಟ್ಟೆನೋವು, ತೂಕ ಇಳಿಯುವುದು, ಸಂಜೆ ಜ್ವರ ಎರಡರಲ್ಲೂ ಉಂಟು. ಗುದದ ಮೂಲಕ ಕ್ಯಾಮೆರಾ ಇಳಿಸಿ ಕರುಳು ನೋಡುವ ಕೊಲೊನೋಸ್ಕೋಪಿ, ಮಾಂಸದ ತುಣುಕಿನ ಪರೀಕ್ಷೆ (ಬಯಾಪ್ಸಿ), ಟಿ.ಬಿ. ಪರೀಕ್ಷೆಗಳನ್ನೆಲ್ಲ ಮಾಡಿದರೂ ಎಷ್ಟೋ ಸಲ ತೀರ್ಮಾನವಾಗುವುದಿಲ್ಲ. ಆಗ ವೈದ್ಯರು ಟಿ.ಬಿ. ಔಷಧ ಕೊಟ್ಟು, ಎರಡು ಮೂರು ತಿಂಗಳ ಬಳಿಕ ಮತ್ತೆ ಒಳಗೆ ನೋಡುತ್ತಾರೆ. ಹುಣ್ಣು ಮಾಯುತ್ತಿದ್ದರೆ ಕ್ಷಯ, ಇಲ್ಲದಿದ್ದರೆ ಕ್ರೋನ್ಸ್ ಕಡೆಗೆ ಯೋಚನೆ ತಿರುಗುತ್ತದೆ. ಇದು ತಡಕಾಟವಲ್ಲ, ಭಾರತದಲ್ಲಿ ರೂಢಿಯಲ್ಲಿರುವ ಕ್ರಮ.

ಈ ಗೊಂದಲದ ಮಧ್ಯೆ ಹುಳು ನುಂಗುವವರ ಸ್ಥಿತಿಯನ್ನು ಯೋಚಿಸಿ. ಆರು ತಿಂಗಳ ಸರ್ಕಾರಿ ಉಚಿತ ಔಷಧದಿಂದ ಸಾಮಾನ್ಯವಾಗಿ ವಾಸಿಯಾಗುವ ಕ್ಷಯವನ್ನು, ವಾಸಿಯಾಗದ ಕಾಯಿಲೆ ಎಂದುಕೊಂಡು ಹುಳುವಿನ ಪಾಲಿಗೆ ಬಿಟ್ಟಂತಾಗುತ್ತದೆ. ಕೊಲೈಟಿಸ್‌ನಲ್ಲೂ ಹೀಗೆಯೇ: ಅಮೀಬಾದ ರಕ್ತಬೇಧಿ ಅದರ ವೇಷದಲ್ಲೇ ಬರುತ್ತದೆ. ಪಾಶ್ಚಾತ್ಯ ದೇಶದವರ ಬರಹಗಳಲ್ಲಿ ಈ ಎರಡು ಮಾತು ಸಾಮಾನ್ಯವಾಗಿ ಸಿಗುವುದಿಲ್ಲ, ಅವರಿಗೆ ಅದರ ಅಗತ್ಯ ಕಡಿಮೆ.

ಸೀಲಿಯಾಕ್ ಇದೆ. ಹುಳು ಇದ್ದರೆ ಚಪಾತಿ ತಿನ್ನಬಹುದೇ?

ಆಸ್ಟ್ರೇಲಿಯಾದಲ್ಲಿ ಇದನ್ನೇ ಪರೀಕ್ಷಿಸಿದರು. 2014ರಲ್ಲಿ 12 ಜನರಿಗೆ 20 ಕೊಕ್ಕೆ ಹುಳುವಿನ ಮರಿಗಳನ್ನು ಬಿಟ್ಟು, ಗ್ಲುಟೆನ್ ಅನ್ನು ಮೆಲ್ಲಗೆ ಏರಿಸುತ್ತ ಹೋದಾಗ ಹಲವರು ದಿನಕ್ಕೆ 3 ಗ್ರಾಂ ತಡೆದುಕೊಂಡರು. ಪತ್ರಿಕೆಗಳು ಸಂಭ್ರಮಿಸಿದವು. 2020ರಲ್ಲಿ 54 ಜನರ, ಹುಸಿ ಔಷಧದ ಗುಂಪಿದ್ದ ಪ್ರಯೋಗದ ಫಲಿತಾಂಶ ಬಂದಾಗ, ನಿರಂತರವಾಗಿ ಗ್ಲುಟೆನ್ ತಿಂದವರ ಕರುಳನ್ನು ಹುಳು ಕಾಪಾಡಲಿಲ್ಲ. ಅಪ್ಪಿತಪ್ಪಿ ಹೊಟ್ಟೆಗೆ ಹೋದ ಚೂರುಪಾರು ತಡೆಯಲು ತುಸು ನೆರವಾದಂತೆ ಕಂಡಿತು, ಅಷ್ಟೇ.

ಬ್ರೆಡ್ಡೇ ಊಟವಾಗಿರುವ ಊರಿನವರ ಆಸೆ ಅರ್ಥವಾಗುತ್ತದೆ. ಜೋಳದ ರೊಟ್ಟಿಯ ನಾಡಿನಲ್ಲಿ ಕುಳಿತು ಗೋಧಿಗಾಗಿ ಹುಳು ಸಾಕುವುದು ನನಗಂತೂ ಅರ್ಥವಾಗುವುದಿಲ್ಲ. ಜೋಳ, ಸಜ್ಜೆ, ನವಣೆ, ಅಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಮಂಡಾಳು ಒಗ್ಗರಣೆ, ಶುದ್ಧ ಕಡಲೆ ಹಿಟ್ಟಿನ ಮಿರ್ಚಿ ತಿನ್ನಬಹುದು. ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಉತ್ತರಕ್ಕಿಂತ ಬಹಳ ಕಡಿಮೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10 ಕಂಡಿತ್ತು. ಹಾಗಾಗಿ ನಮ್ಮ ಮನೆಗಳಲ್ಲಿ ಎಚ್ಚರ ಕಡಿಮೆ. ಎಚ್ಚರ ವಹಿಸಬೇಕಾದ ಜಾಗಗಳು ಇವು: ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಹಾಕಿಸಿದರೆ ಆ ಹಿಟ್ಟು ಕೆಟ್ಟಂತೆ. ಡಬ್ಬಿಯ ಇಂಗಿನಲ್ಲಿ ಹಲವು ಬಾರಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುತ್ತದೆ, ಚೀಟಿ ಓದಿ. ಉಪ್ಪಿಟ್ಟಿನ ರವೆ, ಶ್ಯಾವಿಗೆ ಗೋಧಿಯವು. ಕೊಪ್ಪಳದ ಗವಿಮಠದ ಜಾತ್ರೆಗೆ ಹೋದರೆ ದಾಸೋಹದಲ್ಲಿ ರೊಟ್ಟಿ ಉಣ್ಣಿ, ಗೋಧಿಯ ಮಾದಲಿಗೆ ಕೈಮುಗಿದು ಮುಂದೆ ಸಾಗಿ.

ಮೆಣಸಿನಕಾಯಿ ಬಿಟ್ಟರೆ ಕೊಲೈಟಿಸ್ ಹೋಗುತ್ತದೆಯೇ?

ಖಾರದಿಂದ ಈ ಕಾಯಿಲೆ ಬರುವುದಿಲ್ಲ, ಬಿಟ್ಟರೆ ಹೋಗುವುದೂ ಇಲ್ಲ. ಕೆರಳಿದ ದಿನಗಳಲ್ಲಿ ಉರಿ ಹೆಚ್ಚಾದರೆ ಕಡಿಮೆ ಮಾಡಿ.

ಮಾತ್ರೆ ದುಬಾರಿ. ಆರಾಮವಾಗಿದ್ದೇನೆ, ನಿಲ್ಲಿಸಿದರೆ ಏನು?

ಹುಳುವಿನ ಪ್ರಶ್ನೆಯ ಹಿಂದೆ ಬಹುತೇಕ ಇದೇ ಪ್ರಶ್ನೆ ಅಡಗಿರುತ್ತದೆ, ನನಗೆ ಗೊತ್ತು. ಆರಾಮವಾಗಿರುವುದು ಆ ಮಾತ್ರೆಯಿಂದಲೇ ಇರಬಹುದು. ಕೊಲೈಟಿಸ್ ವರ್ಷಗಟ್ಟಲೆ ಒಳಗೊಳಗೇ ಹೊಗೆಯಾಡಿದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಏರುತ್ತದೆ. ಅದಕ್ಕೇ ಕಾಯಿಲೆ ಶುರುವಾಗಿ ಎಂಟು ವರ್ಷವಾದ ಮೇಲೆ ನಿಯತವಾಗಿ ಕೊಲೊನೋಸ್ಕೋಪಿ ಮಾಡಿಸಲು ಹೇಳುತ್ತಾರೆ. ಹಣದ ತೊಂದರೆಯನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅದೇ ಔಷಧದ ಅಗ್ಗದ ಜನರಿಕ್ ಇರಬಹುದು, ಸಲ್ಫಾಸಲಜೀನ್‌ನಂಥ ಹಳೆಯ ಕಡಿಮೆ ಬೆಲೆಯ ಮಾತ್ರೆ ನಿಮಗೆ ಹೊಂದಬಹುದು, ಜನೌಷಧಿ ಕೇಂದ್ರದಲ್ಲಿ ವಿಚಾರಿಸಬಹುದು. ನನ್ನ ವ್ಯಾಪಾರಕ್ಕೆ ಪೆಟ್ಟು ಬಿದ್ದರೂ ಪರವಾಗಿಲ್ಲ. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ರಕ್ತಪರೀಕ್ಷೆಯ ಖರ್ಚು ಉಳಿಸಲು ಹೋಗಬೇಡಿ. ನಮ್ಮ ದೇಶದ ಕೆಲವರಲ್ಲಿ ಅದು ಬಿಳಿರಕ್ತಕಣಗಳನ್ನು ದಿಢೀರನೆ ಇಳಿಸಿಬಿಡುತ್ತದೆ.

ನಾನು ಈಗಾಗಲೇ ಹುಳು ಬಿಟ್ಟುಕೊಂಡಿದ್ದೇನೆ. ಈಗೇನು ಮಾಡಲಿ?

ಬೈಯುವುದಿಲ್ಲ, ಬನ್ನಿ. ಮೊದಲು ಮೂಲ ಕಾಯಿಲೆಯ ಔಷಧ ನಿಲ್ಲಿಸಿದ್ದರೆ ವೈದ್ಯರಿಗೆ ತಿಳಿಸಿ. ಯಾವ ಹುಳು, ಯಾವಾಗ, ಎಲ್ಲಿಂದ ಎಂಬುದನ್ನು ಹೇಳಿ. ಮಲ ಪರೀಕ್ಷೆ ಮತ್ತು ಪೂರ್ಣ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದರಲ್ಲಿ ಇಯೊಸಿನೊಫಿಲ್ ಎಂಬ ಕಣ ಏರಿದ್ದರೆ ಹುಳುವಿನ ಸುಳಿವು ಸಿಗುತ್ತದೆ. ಹೊಸದಾಗಿ ಸೋಂಕಾದಾಗ ಮಲದಲ್ಲಿ ಮೊಟ್ಟೆ ಕಾಣಲು ವಾರಗಳೇ ಬೇಕು. ಹಾಗಾಗಿ ಮೊದಲ ವರದಿಯಲ್ಲಿ ಏನೂ ಸಿಗದಿದ್ದರೆ ಸುಮ್ಮನಾಗಬೇಡಿ. ಕೊಕ್ಕೆ ಹುಳು ಆಲ್ಬೆಂಡಜೋಲ್‌ಗೆ ಸಾಮಾನ್ಯವಾಗಿ ಬಗ್ಗುತ್ತದೆ. ಚಾಟಿ ಹುಳು ಒಂದೇ ಮಾತ್ರೆಗೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಹುಳು ಇರುವವರೆಗೆ ಬಯಲಿಗೆ ಹೋಗಬೇಡಿ. ಚಿಕಿತ್ಸೆ ಬೇಕೆಂದು ಕೇಳದ ನಿಮ್ಮ ನೆರೆಯವರಿಗೆ ಅದನ್ನು ದಾಟಿಸುವ ಹಕ್ಕು ನಿಮಗಿಲ್ಲ.

ಸಂಶೋಧನೆಗೆ ಸೇರಿ ಹುಳು ತೆಗೆದುಕೊಳ್ಳಬಹುದೇ?

ಅದು ಮರ್ಯಾದೆಯ ದಾರಿ. ಭಾರತದಲ್ಲಿ ನಡೆಯುವ ಔಷಧ ಪ್ರಯೋಗ ರಾಷ್ಟ್ರೀಯ ನೋಂದಣಿಯಲ್ಲಿರಬೇಕು, ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಬೇಕು. ಪ್ರಯೋಗದಿಂದ ಹಾನಿಯಾದರೆ 2019ರ ನಿಯಮಗಳ ಪ್ರಕಾರ ಪರಿಹಾರ ಕೊಡಬೇಕು. "ಸಂಶೋಧನೆ" ಎಂದು ಹೇಳಿ ನಿಮ್ಮಿಂದಲೇ ಹುಳುವಿನ ಬೆಲೆ ಕೇಳಿದರೆ ಅದು ವ್ಯಾಪಾರ.

ಮುಂದಾದರೂ ಇದರಿಂದ ಔಷಧ ಬಂದೀತೇ?

ಬರಬಹುದು, ಹುಳುವಿಲ್ಲದ ರೂಪದಲ್ಲಿ. ಕೊಕ್ಕೆ ಹುಳು ಸ್ರವಿಸುವ ಒಂದು ಪ್ರೋಟೀನ್ ಇಲಿಗಳ ಅಸ್ತಮಾವನ್ನು ತಗ್ಗಿಸಿದ್ದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಅಂಥದ್ದನ್ನು ಶುದ್ಧವಾಗಿ ತಯಾರಿಸಿ, ಅಳೆದು ಕೊಡಲು ಸಾಧ್ಯವಾದರೆ ನಾನೇ ಕಪಾಟಿನಲ್ಲಿ ಜಾಗ ಮಾಡುತ್ತೇನೆ.

ತಜ್ಞರ ಬಳಿ ಹೋಗುವಾಗ ಏನೇನು ಒಯ್ಯಬೇಕು?

ಮೊದಲು ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಹಿಂದೆ ವಿಮ್ಸ್ ಎನ್ನುತ್ತಿದ್ದ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇವುಗಳಲ್ಲಿ ನಿಮಗೆ ಯಾವುದು ಹತ್ತಿರವೋ ಅಲ್ಲಿ ತೋರಿಸಿ. ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಾಗಿ ಬಂದರೆ ಕೊಲೊನೋಸ್ಕೋಪಿಯ ವರದಿ ಮತ್ತು ಚಿತ್ರಗಳು, ಬಯಾಪ್ಸಿ ವರದಿ ಮಾತ್ರವಲ್ಲ, ಸಾಧ್ಯವಾದರೆ ಅದರ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆದು ಒಯ್ಯಿರಿ. ಈವರೆಗೆ ನುಂಗಿದ ಎಲ್ಲದರ ಪಟ್ಟಿ ಬರೆಯಿರಿ. ನಾಟಿ ಔಷಧ, ಪೇಟೆಯಲ್ಲಿ ಕೊಂಡ ನೋವಿನ ಮಾತ್ರೆ, ಸ್ಟೀರಾಯ್ಡ್, ಹುಳು ಯಾವುದನ್ನೂ ಬಿಡಬೇಡಿ. ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತೇ ಎಂದು ಹಿರಿಯರನ್ನು ಕೇಳಿಕೊಂಡು ಹೋಗಿ.

ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ರಕ್ತಬೇಧಿ, ಜೊತೆಗೆ ಜ್ವರ ಅಥವಾ ಎದೆಬಡಿತದ ಏರಿಕೆ. ಹೊಟ್ಟೆ ಉಬ್ಬಿ ಗಟ್ಟಿಯಾಗುವುದು. ಗಾಳಿಯೂ ಹೋಗದೆ ವಾಂತಿಯಾಗುವುದು. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು. ಇವುಗಳಲ್ಲಿ ಯಾವುದು ಕಂಡರೂ ಪಟ್ಟಿ ಬರೆಯುತ್ತ ಕೂರದೆ 108ಕ್ಕೆ ಕರೆ ಮಾಡಿ.